ಬರೀ ಪಂಚರ್

"ಯಾಕ್ರೀ ತಮ್ಮಾ, ಹೊರಗೇ ನಿಂತ್ರಿ? ಒಳಗೆ ಬರ್ರಿ, ಬಿಸಿ ದೋಸೆ ಹಾಕ್ತಾ ಅದಾರೆ" ಎಂದು ಷಣ್ಮುಖಪ್ಪ ಬಾಗಿಲಲ್ಲಿ ನಿಂತು ಕರೆದಾಗ ಕೆಂಚೇಶ ಹಿಂದಿನ ಗಾಲಿಗೆ ಗಾಳಿ ಹೊಡೆಯುವವನಂತೆ ಬಗ್ಗಿಕೊಂಡೇ ಇದ್ದ. ಗಾಲಿಯಲ್ಲಿ ಗಾಳಿ ಬೇಕಾದಷ್ಟಿತ್ತು. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದ, ಮತ್ತೊಮ್ಮೆ ಒತ್ತಿದ. "ಹೊಟ್ಟೆ ಸರಿ ಇಲ್ಲ ಯಜಮಾನ್ರೇ" ಎಂದ, ತಲೆ ಎತ್ತದೆ. ಮುದುಕ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದ. "ಹಂಗಾದ್ರೆ ಮಜ್ಜಿಗೆನಾರ ಕುಡೀರಿ. ಬರೇ ಹೊಟ್ಟೇಲಿ ಅಷ್ಟು ದೂರ ಹೆಂಗೆ ತುಳೀತೀರಿ?" ಎಂದು ಕೆಂಚೇಶನ ಹೆಗಲ ಮೇಲೆ ಕೈ ಇಟ್ಟ. ಆ ಕೈ ಅಲ್ಲೇ ಕೂತಿತು. ತೆಳ್ಳನೆಯ ಬನಿಯನ್ನಿನ ಮೂಲಕ ಐದು ಬೆರಳೂ ಬೇರೆ ಬೇರೆಯಾಗಿ ತಿಳಿಯುತ್ತಿದ್ದವು. ಗುರುತು ಸಿಕ್ಕಿಲ್ಲ, ಹೆಲ್ಮೆಟ್ಟು ಕರಿಕನ್ನಡಕ ಇರುವುದರಿಂದ ಗುರುತು ಸಿಕ್ಕಿಲ್ಲ, ಇವುಗಳನ್ನು ಈಗಲೇ ತೆಗೆದು ನಿಂತರೆ ಈ ಕೈ ಏನು ಮಾಡೀತು ಎಂದು ಅವನು ಯೋಚಿಸಿದ. ತೆಗೆಯಲಿಲ್ಲ. ಒಳಗಿನಿಂದ ಸಂಧ್ಯಾರಾಣಿ ಮೇಡಂ ನಗುವುದು, ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಇನ್ನೊಂದು ದೋಸೆ ಬೇಡವೆನ್ನುತ್ತ ಹಾಕಿಸಿಕೊಳ್ಳುವುದು ಕೇಳಿಸುತ್ತಿತ್ತು. ಕೆಂಚೇಶನೂ ಸೇರಿ ದಾವಣಗೆರೆಯ ಸೈಕಲ್ ಬಳಗದ ನಾಲ್ವರು ಅವರು. ಜಗಳೂರಿನಿಂದ ಹೊನ್ನಾವರದ ಕಡಲು ಮುಟ್ಟಬೇಕೆಂದು ಹೊರಟವರು. ರಾತ್ರಿ ಚನ್ನಗಿರಿಯ ಲಾಡ್ಜಿನಲ್ಲಿ ಮಲಗಿದ್ದರು. ಬೆಳಗಿನ ತಿಂಡಿ ನಮ್ಮ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದವನು ನಾಲ್ಕನೆಯವನು, ಈ ಮುದುಕನ ಮಗ, ಅಡಿಕೆ ಮಂಡಿಯ ವಿನಯ್ ಕುಮಾರ್.

ರಸ್ತೆಯ ಆಚೆ ಇರುವ, ಷಣ್ಮುಖಪ್ಪನದೇ ಇನ್ನೊಂದು ಮನೆಗೆ ಈಗ ಗಿಳಿಹಸಿರು ಬಣ್ಣ ಬಳಿದಿದ್ದಾರೆ. ಆಗ ಅದು ಸುಣ್ಣದ ಬಿಳಿ ಇತ್ತು. ನಾಲ್ಕು ವರ್ಷದ ಹಿಂದೆ ಕೆಂಚೇಶ ಸರ್ವೆಯರ್ ಆಗಿ ಚನ್ನಗಿರಿಗೆ ವರ್ಗವಾಗಿ ಬಂದಾಗ ಆ ಮನೆ ಬಾಡಿಗೆಗೆ ನಿಗದಿಯಾಗಿತ್ತು. ಮಾತೆಲ್ಲ ದಲ್ಲಾಳಿಯ ಮೂಲಕ. ಕೀ ಹಿಂದಿನ ದಿನವೇ ಕೈಗೆ ಬಂದಿತ್ತು. ಬೆಳಿಗ್ಗೆ ಸಾಮಾನಿನ ಲಾರಿ ಬಂದು ನಿಂತಿತು. ಹೊಸ ಮನೆಯೊಳಗೆ ಮೊದಲು ಹೋಗಬೇಕಾದ್ದು ಬಾಬಾಸಾಹೇಬರ ಫೋಟೋ ಎಂದು ಹೆಂಡತಿ ಲಕ್ಷ್ಮೀದೇವಿ ಪಟ್ಟು ಹಿಡಿದಿದ್ದಳು. ಬೆಡ್‌ಶೀಟಿನಲ್ಲಿ ಸುತ್ತಿಕೋ, ಗಾಜು ಒಡೆದೀತು ಎಂದಿದ್ದ ಅವನು. ಗಾಜಿಗಾಗಿ ಅಲ್ಲವೆಂದು ಅವಳಿಗೂ ಗೊತ್ತಿತ್ತು. ಮೆಟ್ಟಿಲ ಹತ್ತಿರ ಬೆಡ್‌ಶೀಟು ಜಾರಿತು. ನೀಲಿ ಕೋಟು, ದುಂಡು ಕನ್ನಡಕ ಬಿಸಿಲಿಗೆ ಬಂದವು. ಎದುರು ಮನೆಯ ಜಗಲಿಯಲ್ಲಿ ಪೇಪರು ಓದುತ್ತಿದ್ದ ಷಣ್ಮುಖಪ್ಪ ಎದ್ದು ಬಂದ. "ಒಂದ್ನಿಮಿಷ ನಿಂದರ್ರಿ. ಈ ಮನೆ ನಮ್ಮ ತಂಗಿ ಮಗನಿಗೆ ಬೇಕಂತೆ. ರಾತ್ರಿ ಫೋನ್ ಬಂತು. ತಪ್ಪು ತಿಳೀಬ್ಯಾಡ್ರಿ." ಮಾತಿನಲ್ಲಿ ಒರಟುತನವೇ ಇರಲಿಲ್ಲ. ಕೆಂಚೇಶ ಜೇಬಿನಿಂದ ಕೀ ತೆಗೆದು ಮುಂದೆ ಚಾಚಿದ. ಮುದುಕ ಕೈ ನೀಡಲಿಲ್ಲ. "ಅಲ್ಲಿ ಕಟ್ಟೆ ಮೇಲೆ ಇಡ್ರಿ" ಎಂದ. ಕೆಂಚೇಶ ಇಟ್ಟ. ಕಟ್ಟೆಯ ಮೇಲೆ, ಸದ್ದಾಗದ ಹಾಗೆ, ವಿಧೇಯನಾಗಿ ಇಟ್ಟ. ಎದುರು ಮನೆಯ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ತರುಣ ನಿಂತು ಕೆಳಗೆ ನೋಡುತ್ತಿದ್ದವನು ಕಣ್ಣು ಕೂಡಿದ ಕೂಡಲೇ ಮೊಬೈಲು ನೋಡತೊಡಗಿದ. ಲಾರಿ ತಿರುಗಿ ಉಬ್ರಾಣಿಯ ಕಡೆ ಹೊರಟಿತು. ಅಲ್ಲಿ ಮಾವನ ಮನೆ ಇತ್ತು. ಡ್ರೈವರನ ಪಕ್ಕ ಇಬ್ಬರೂ ಒತ್ತಿಕೊಂಡು ಕೂತಿದ್ದಾಗ, ಬಹಳ ಹೊತ್ತಿನ ಮೇಲೆ, ಕೆಂಚೇಶ ಹೆಂಡತಿಗೆ ಒಂದು ಮಾತು ಅಂದಿದ್ದ: "ಅದನ್ನ ಮೊದ್ಲೇ ಇಳಿಸೋದು ಬೇಕಿತ್ತಾ?" ಅವಳು ಉತ್ತರ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ.

ಚನ್ನಗಿರಿ ದಾಟಿ ರಸ್ತೆ ಇಳಿಜಾರಾದಾಗ ಅವನು ವಿನಯನ ಸೈಕಲ್ಲಿನ ಹಿಂದೆಯೇ ಇದ್ದ. ಜಗಳೂರಿಗೆ ವರ್ಗವಾದ ಮೇಲೆ ಬಳಗ ಸೇರಿ ವರ್ಷವಾಗುತ್ತ ಬಂದಿತ್ತು. ಸಕ್ಕರೆ ಕಾಯಿಲೆ ಇದೆ, ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಸೇರಿದ್ದ; ಮೊದಲ ಭಾನುವಾರವೇ ಬಾಲ್ಕನಿಯ ಮುಖ ಎದುರಿಗೆ ನಿಂತು ಕೈ ಕುಲುಕಿತು. "ಜಗಳೂರಿನವರಾ? ಬರ್ರಿ, ಬರ್ರಿ" ಎಂದಿತು. ಆವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳದೆ ಇಟ್ಟುಕೊಳ್ಳುವುದರಲ್ಲಿ ಒಂದು ಸುಖವಿದೆ ಎಂದು ಕಂಡುಕೊಂಡ. ವಿನಯ ಕೆಂಚೇಶಣ್ಣಾ ಎಂದಾಗಲೆಲ್ಲ, ತನ್ನ ಡಬ್ಬಿಯ ಖರ್ಜೂರ ಮುಂದೆ ಹಿಡಿದಾಗಲೆಲ್ಲ, ನಿನಗೆ ಗೊತ್ತಿಲ್ಲ, ನಿನಗೆ ಗೊತ್ತಾಗುವ ದಿನವನ್ನು ಆರಿಸುವವನು ನಾನು ಎಂದು ಒಳಗೇ ಅಂದುಕೊಂಡು ಖರ್ಜೂರ ತಿಂದಿದ್ದ. ಖರ್ಜೂರ ಚೆನ್ನಾಗಿಯೇ ಇರುತ್ತಿತ್ತು. ಅದು ಅವನನ್ನು ಇನ್ನಷ್ಟು ಕೆರಳಿಸುತ್ತಿತ್ತು. ಈಗ ಮುಂದೆ ಹೋಗುತ್ತಿದ್ದ ಕತ್ತಿನ ಹಿಂಭಾಗ, ಬಿಸಿಲಿಗೆ ಕೆಂಪಾದದ್ದು, ಬೆವರಿನಲ್ಲಿ ಹೊಳೆಯುತ್ತಿತ್ತು. ಲಾರಿಯೊಂದು ಹಾರನ್ನು ಹೊಡೆಯುತ್ತ ಮೈಗೆ ತಾಗುವಂತೆ ದಾಟಿಹೋದಾಗ ವಿನಯ ಕೈ ಹಿಂದಕ್ಕೆ ಚಾಚಿ, ಹುಷಾರು ಎಂಬಂತೆ ಸನ್ನೆ ಮಾಡಿದ. ಕೆಂಚೇಶನಿಗೆ ಒಂದು ಕ್ಷಣ ಆ ಲಾರಿ ಇನ್ನೊಂದು ಗೇಣು ಎಡಕ್ಕೆ ಬಂದಿದ್ದರೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು.

ಸೂಳೆಕೆರೆಯ ಏರಿಯ ಮೇಲೆ ನಾಲ್ವರೂ ನಿಂತರು. ನೀರು ಕಣ್ಣು ಹರಿಯುವಷ್ಟು ದೂರ ಹರಡಿತ್ತು. ಮೀನಿನವರ ಹರಿಗೋಲು ನಡುವೆ ಎಲ್ಲೋ ಕರಿಚುಕ್ಕೆಯಾಗಿತ್ತು. ವಿನಯ ಅವನ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆದ. ಬೆಳಗಿನಿಂದ ಒಂದೇ ಮನೆಯ ಎರಡನೇ ಕೈ. "ಕಾಲುವೆ ಏರಿ ಮೇಲೆ ಹೋಗಾಣ ಕೆಂಚೇಶಣ್ಣ, ನೆರಳೈತೆ. ಇವ್ರು ಟಾರು ರಸ್ತೇಲಿ ಹೋಗ್ಲಿ" ಎಂದ. ಮೇಷ್ಟ್ರಿಗೆ ಮಂಡಿನೋವು, ಮಣ್ಣುದಾರಿ ಆಗದು. ಅವರೂ ಸಂಧ್ಯಾರಾಣಿಯೂ ಮುಂದೆ ಹೋದರು. ಸಂಜೆಗೆ ನ್ಯಾಮತಿಯಲ್ಲಿ, ಮೇಷ್ಟ್ರ ಹಳೆಯ ಶಿಷ್ಯರು ಏರ್ಪಾಡು ಮಾಡಿದ್ದ ಸಾವಂತ್ರಮ್ಮನ ಖಾನಾವಳಿಯಲ್ಲಿ ಎಲ್ಲರೂ ಕೂಡುವುದೆಂದಾಯಿತು. ವಾಹನ ಹತ್ತಿದವರು ಬಳಗದಿಂದ ಔಟ್ ಎಂದು ಮೇಷ್ಟ್ರು ಎಂದಿನಂತೆ ಬೆರಳೆತ್ತಿ ಹೇಳಿ ಹೋದರು.

ಬಸವಾಪಟ್ಟಣ ಹಿಂದಾಗಿ ಗದ್ದೆಬಯಲು ತೆರೆದುಕೊಂಡಲ್ಲಿ ವಿನಯನ ಮುಂದಿನ ಗಾಲಿ ಒಮ್ಮೆ ಉಸ್ಸೆಂದು ಕುಸಿಯಿತು. ಜಾಲಿಮುಳ್ಳು. ಅವನು ಇಳಿದು, ಕಾಲುವೆಯ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತು, ಟೈರು ಬಿಚ್ಚಿ ಟ್ಯೂಬು ಎಳೆದ. ಎಳೆಯುವ ಗಡಿಬಿಡಿಯಲ್ಲಿ ವಾಲ್ವಿನ ಬುಡದಲ್ಲೇ ಹರಿಯಿತು. ಅಲ್ಲಿ ಹರಿದರೆ ತೇಪೆ ನಿಲ್ಲುವುದಿಲ್ಲ. ಅವನ ಇನ್ನೊಂದು ಟ್ಯೂಬು ನಿನ್ನೆ ದಾವಣಗೆರೆಯ ಹತ್ತಿರವೇ ಹೋಗಿತ್ತು. ಈ ತೆಳುಗಾಲಿಯ ಟ್ಯೂಬುಗಳು ಹಳ್ಳಿಯ ಅಂಗಡಿಗಳಲ್ಲಿ ಸಿಗುವುದಿಲ್ಲ. "ನಿಮ್ಮತ್ರ ಐತಲ್ಲ ಕೆಂಚೇಶಣ್ಣ? ನಮ್ಮಿಬ್ರದೂ ಒಂದೇ ಸೈಜು" ಎಂದ ವಿನಯ, ಆಗಲೇ ಕೈ ಚಾಚಿ.

ಚಾಚಿದ ಕೈಯನ್ನು ಕೆಂಚೇಶ ನೋಡಿದ. ಟ್ಯೂಬು ಅವನ ಸೀಟಿನ ಕೆಳಗಿನ ಚೀಲದಲ್ಲಿತ್ತು, ಹೊಸದು, ಪೌಡರು ಹಚ್ಚಿ ಮಡಿಸಿದ್ದು.

"ಇಲ್ಲ" ಎಂದ.

ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. "ನಿನ್ನೆ ನಂದೂ ಪಂಚರ್ ಆಯ್ತಲ್ಲ, ಲಾಡ್ಜಿನ ಹತ್ರ" ಎಂದು ಸೇರಿಸಿದ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿ ಬಂದು ಕೂತಿತು. "ನೀವು ಇಲ್ಲೇ ಕುಂದರ್ರಿ. ನಾನು ಹೊನ್ನಾಳಿಗೆ ಹೋಗಿ ಏನಾದ್ರೂ ವ್ಯವಸ್ಥೆ ಮಾಡ್ತೀನಿ." ವಿನಯ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ "ಆಯ್ತಣ್ಣ" ಎಂದ. ಅಲ್ಲಿ ನೆರಳಿರಲಿಲ್ಲ. ಅವನ ಬಾಟಲಿಯಲ್ಲಿ ನೀರು ತಳ ಮುಟ್ಟಿತ್ತು. ಎರಡನ್ನೂ ನೋಡಿಕೊಂಡೇ ಕೆಂಚೇಶ ಪೆಡಲು ತುಳಿದ.

ಹೊನ್ನಾಳಿಯವರೆಗೂ ಅವನು ಹಾರಿದಂತೆ ಬಂದ. ತೊಡೆಗಳಲ್ಲಿ ನೋವೇ ಇಲ್ಲ. ಎದುರುಗಾಳಿ ಇದೆಯೆಂಬುದೂ ತಿಳಿಯಲಿಲ್ಲ. ಸೇತುವೆಯ ಮೇಲೆ ತುಂಗಭದ್ರೆಯ ಗಾಳಿ ಬೆವರಿಗೆ ತಾಗಿದಾಗ ಗಟ್ಟಿಯಾಗಿ ನಕ್ಕ. ಪಕ್ಕದಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಕುಂತಿರು, ಬಿಸಿಲಲ್ಲಿ ಕುಂತಿರು, ಯಾರಿಗಾಗಿ ಕಾಯ್ತಿದ್ದೀನಿ ಅಂತ ಗೊತ್ತಿಲ್ಲದೆ ಕುಂತಿರು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತು ಮಂಡಕ್ಕಿ, ಮೆಣಸಿನಕಾಯಿ ತರಿಸಿಕೊಂಡ. ಬೆಳಗಿನಿಂದ ಖಾಲಿ ಇದ್ದ ಹೊಟ್ಟೆ ಖಾರಕ್ಕೆ ಉರಿಯಿತು. ಆ ಉರಿಯೂ ರುಚಿಯಾಗಿತ್ತು. ಶಿವಮೊಗ್ಗದ ಬಸ್ಸೊಂದು ಬಂದು ತುಂಬಿಕೊಂಡು ಹೋಯಿತು. ಫೋನು ಒಮ್ಮೆ ಹೊಡೆದುಕೊಂಡಿತು: ವಿನಯ್. ಎತ್ತಲಿಲ್ಲ. ಇನ್ನೊಮ್ಮೆ ಹೊಡೆದುಕೊಳ್ಳಲಿ ಎಂದು ಕಾದ. ಹೊಡೆದುಕೊಳ್ಳಲಿಲ್ಲ. ಎರಡನೇ ಸಲ ಮಾಡಬೇಕಿತ್ತು ಅವನು. ಬೇಡಿಕೊಳ್ಳಬೇಕಿತ್ತು. ಪ್ಲೇಟಿನಲ್ಲಿ ಮಂಡಕ್ಕಿ ಮೆತ್ತಗಾಗುತ್ತಿತ್ತು. ಸುಖ ಎಲ್ಲಿಂದಲೋ ಸೋರಿಹೋಗುತ್ತಿರುವಂತೆ ಅನ್ನಿಸಿ, ಅದನ್ನು ಹಿಡಿದಿಡುವುದಕ್ಕೆಂದೇ ಜಗಳೂರಿಗೆ, ಲಕ್ಷ್ಮೀದೇವಿಗೆ ಫೋನು ಮಾಡಿದ.

ಬಳಗದಲ್ಲಿ ವಿನಯನಿದ್ದಾನೆಂದು ಅವಳಿಗೆ ಗೊತ್ತಿತ್ತು. ಯಾಕೆ ಹೋಗ್ತೀರಿ ಅಲ್ಲಿಗೆ ಎಂದು ಒಮ್ಮೆ ಕೇಳಿ ಸುಮ್ಮನಾಗಿದ್ದಳು. ಈಗ ಅವನು ಎಲ್ಲವನ್ನೂ ಹೇಳಿದ: ಮುದುಕ ಹೆಗಲು ಮುಟ್ಟಿದ್ದು, ಮುಳ್ಳು, ಚೀಲದಲ್ಲಿರುವ ಟ್ಯೂಬು, ನೆರಳಿಲ್ಲದ ಕಟ್ಟೆ. ಹೇಳುತ್ತ ಹೇಳುತ್ತ ದನಿ ಏರಿತು. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು.

"ಅವನಿಗೆ ಹೇಳಿದ್ರಾ?" ಎಂದಳು.

"ಏನಂತ?"

"ಯಾತಕ್ಕೆ ಅಂತ."

"ಇಲ್ಲ. ಹೇಳಿದ್ರೆ ಏನೈತೆ ಮಜಾ? ಕುಂತಿರಲಿ ಹಂಗೇ."

"ಹಂಗಾದ್ರೆ ಅವನಿಗೆ ಏನೂ ಆಗಿಲ್ಲ ಕಣ್ರೀ. ಬರೀ ಪಂಚರ್ ಆಗೈತೆ."

ಅವಳು ಸಿಟ್ಟಿಲ್ಲದ ದನಿಯಲ್ಲೇ ಅಂದಳು: "ವರ್ಷದಿಂದ ಅವನ ಜೊತೆ ತಿರುಗ್ತೀರಿ. ನಾವ್ಯಾರು ಅಂತ ಬಾಯಿಬಿಟ್ಟು ಒಂದಿನ ಹೇಳಿಲ್ಲ. ಇವತ್ತೂ ಆ ಬೆಡ್‌ಶೀಟು ಸುತ್ಕಂಡೇ ಕುಂತೀರಿ." ಕುಕ್ಕರು ಇನ್ನೊಮ್ಮೆ ಕೂಗಿತು. "ಅನ್ನ ಆಯ್ತು, ಇಡ್ತೀನಿ" ಎಂದಳು.

ಮೇಜಿನ ಮೇಲೆ ಫೋನು ಕತ್ತಲಾಯಿತು. ನಾಲ್ಕು ವರ್ಷದ ಮೇಲೆ ಬಂದ ಉತ್ತರ ಇದು ಎಂದು ಅವನಿಗೆ ತಿಳಿಯಿತು. ಎದುರಿನ ಕನ್ನಡಿಯಲ್ಲಿ ಒಬ್ಬ ಗಂಡಸು, ಹೆಲ್ಮೆಟ್ಟನ್ನು ಇನ್ನೂ ಬಿಚ್ಚದೆ, ಬಾಯಿಯ ಮೂಲೆಯಲ್ಲಿ ಮಂಡಕ್ಕಿ ಅಂಟಿಸಿಕೊಂಡು ಕೂತಿದ್ದ. ಇವನೇ ಏನು ಕೀಯನ್ನು ಕಟ್ಟೆಯ ಮೇಲಿಟ್ಟವನು? ಇಟ್ಟು, ತಪ್ಪನ್ನು ಹೆಂಡತಿಯ ಕೈಗೆ ಕೊಟ್ಟವನು? ಕೆಂಚೇಶ ಎದ್ದ. ಸೇತುವೆಯನ್ನು ಮತ್ತೆ ದಾಟಿದ. ಈಗ ತೊಡೆ ಸೆಟೆದುಕೊಂಡಿತ್ತು. ಗಾಲಿ ಒಂದೊಂದು ಸುತ್ತಿಗೂ ಬೇಡವೆನ್ನುತ್ತಿತ್ತು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಟ್ಟಿದ. ಮೊದಲು ಹೀಗೆ ಅನ್ನಬೇಕು, ಅವನು ಬೆಚ್ಚಬೇಕು, ಆಮೇಲೆ ಹೀಗೆ. ಕಟ್ಟಿದ ಮಾತುಗಳು ಚೆನ್ನಾಗಿದ್ದವು. ಕಾಲುವೆಯ ಏರಿಗೆ ತಿರುಗುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ವಿನಯ ಅದೇ ಕಟ್ಟೆಯ ಮೇಲೆ, ಒದ್ದೆ ಟವೆಲ್ಲನ್ನು ತಲೆಗೆ ಹಾಕಿಕೊಂಡು ಕೂತಿದ್ದ. ತುಟಿ ಬಿಳಚಿತ್ತು. "ಸಿಕ್ತಾ ಅಣ್ಣ?" ಎಂದ. ಕೆಂಚೇಶ ಸೈಕಲ್ಲನ್ನು ನೆಲದ ಮೇಲೆ ಮಲಗಿಸಿದ. ಹೆಲ್ಮೆಟ್ಟು ತೆಗೆದ, ಕನ್ನಡಕ ತೆಗೆದ. "ನಾನ್ಯಾರು ಗೊತ್ತಾ ನಿಮಗೆ?" ಎಂದ. ದನಿ ತಾನು ಅಂದುಕೊಂಡಷ್ಟು ದೊಡ್ಡದಾಗಿ ಬರಲಿಲ್ಲ. "ನಿಮ್ಮ ಎದುರು ಮನೆಗೆ ಲಾರೀಲಿ ಸಾಮಾನು ತಂದವ್ನು. ಕೀ ಕಟ್ಟೆ ಮೇಲೆ ಇಟ್ಟು ಹೋದವ್ನು."

ವಿನಯ ಬೆಚ್ಚಲಿಲ್ಲ. ಟವೆಲ್ಲಿನ ಅಂಚಿನಿಂದ ಮುಖ ಒರೆಸಿಕೊಂಡ. "ಗೊತ್ತು" ಎಂದ.

"ಏನ್ ಗೊತ್ತು?"

"ಮೊದಲ್ನೇ ದಿನಾನೇ ಗೊತ್ತಾಯ್ತು ಅಣ್ಣ. ನೀವು ಏನೂ ಅನ್ಲಿಲ್ಲ. ನನ್ನ ಜೊತೆ ಚೆನ್ನಾಗೇ ಮಾತಾಡಿದ್ರಿ. ಮನಸ್ಸಿನಾಗೆ ಇಟ್ಕಂಡಿಲ್ಲ, ಮುಗೀತು ಅಂದ್ಕಂಡೆ." ಅವನು ಬರಿದಾದ ಬಾಟಲಿಯನ್ನು ಎತ್ತಿ ನೋಡಿ ಕೆಳಗಿಟ್ಟ. "ಅದಕ್ಕೇ ಇವತ್ತು ತಿಂಡಿಗೆ ಮನೆಗೇ ಕರೆದದ್ದು. ನೀವೊಬ್ರು ಒಳಗೆ ಬಂದು ಊಟದ ಮನೇಲಿ ಕುಂತ್ರೆ ಸರಿಹೋಗತೈತೆ ಅಂತ."

"ಯಾರಿಗೆ ಸರಿಹೋಗತೈತೆ?"

ವಿನಯ ಟವೆಲ್ಲನ್ನು ತಲೆಯಿಂದ ತೆಗೆದು ಮಡಿಸತೊಡಗಿದ.

"ನಿಮ್ಮಪ್ಪಂಗೆ ಹೇಳಿದ್ರಾ, ಬರೋನು ಯಾರು ಅಂತ?"

"ಇಲ್ಲ... ವಯಸ್ಸಾಗೈತೆ ಅವರಿಗೆ."

ಕೆಂಚೇಶ ಅವನ ಮುಖವನ್ನೇ ನೋಡಿದ. ವರ್ಷವಿಡೀ ತಾನು ಬಚ್ಚಿಟ್ಟು ಸವಿದದ್ದೆಲ್ಲ ಇವನ ಕಣ್ಣೆದುರೇ ಬಯಲಲ್ಲಿತ್ತು. ತಾನು ತಿಂದ ಒಂದೊಂದು ಖರ್ಜೂರವನ್ನೂ ಇವನು ಕ್ಷಮೆಯೆಂದು ಎಣಿಸಿಕೊಂಡಿದ್ದ. ಕೇಳದೆಯೇ, ಕೇಳುವ ಕಷ್ಟವನ್ನೂ ಪಡದೆಯೇ, ತೆಗೆದುಕೊಂಡಿದ್ದ. ಹೊಡೆಯಬೇಕೆನ್ನಿಸಿತು. ಕೈ ಮುಷ್ಟಿಯಾಯಿತು ಕೂಡ. ಆದರೆ ಆ ಬಿಳಚಿದ ತುಟಿಗೆ ಹೊಡೆದರೆ, ಕಾರಣ ಯಾರಿಗೂ ತಿಳಿಯದೆ, ದಾರಿಯಲ್ಲಿ ಯಾರೋ ಯಾರಿಗೋ ಹೊಡೆದಂತೆ ಆಗುತ್ತಿತ್ತು. ಅವನು ಬಗ್ಗಿ ಚೀಲದ ಜಿಪ್ಪು ಎಳೆದು ಟ್ಯೂಬು ತೆಗೆದ. ವಿನಯನ ಕಣ್ಣು ಅದರ ಮೇಲೆ ನಿಂತಿತು. ಈಗ ಮೊದಲ ಸಲ ಅವನ ಮುಖಕ್ಕೆ ಏನೋ ತಾಗಿದ್ದು ಕಂಡಿತು.

"ಇತ್ತಾ?" ಎಂದ, ಬಹಳ ಮೆತ್ತಗೆ.

"ಇತ್ತು. ಕೊಡ್ತೀನಿ. ಇವತ್ತು ಸಂಜೆ ಊಟಕ್ಕೆ ಎಲ್ರೂ ಕುಂತಾಗ ನೀವು ಎದ್ದು ಹೇಳ್ಬೇಕು. ಅವತ್ತು ಏನಾಯ್ತು, ನಿಮ್ಮಪ್ಪ ಏನಂದ್ರು, ನೀವೆಲ್ಲಿ ನಿಂತಿದ್ರಿ."

"ನ್ಯಾಮತಿಯವ್ರೆಲ್ಲ ನಮ್ಮ ಮಂಡಿಗೆ ಬರೋರು ಅಣ್ಣ..."

"ಗೊತ್ತು."

ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿತ್ತು. "ಹೇಳ್ತೀನಿ" ಎಂದ ವಿನಯ ಕೊನೆಗೆ, ಕೈ ಚಾಚಿದ. ಕೆಂಚೇಶ ಆ ಕೈಯ ಪಕ್ಕಕ್ಕೆ ಸರಿದು ಟ್ಯೂಬನ್ನು ಕಟ್ಟೆಯ ಮೇಲಿಟ್ಟ. "ಅಲ್ಲಿ ಐತೆ, ತಗಳ್ರಿ" ಎಂದ.

ನ್ಯಾಮತಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ಸಾವಂತ್ರಮ್ಮನ ಖಾನಾವಳಿಯ ಹಿಂದಿನ ಹಾಲಿನಲ್ಲಿ ಚಾಪೆ ಹಾಸಿ ಎಲೆ ಹಾಕಿದ್ದರು. ಸೈಕಲ್ಲಿನಲ್ಲಿ ಕಡಲಿಗೆ ಹೋಗುವವರನ್ನು ನೋಡಲೆಂದು ಮೇಷ್ಟ್ರ ಶಿಷ್ಯರು, ಅಂಗಡಿಯವರು, ಊರಿನ ಹತ್ತು ಹದಿನೈದು ಜನ ಬಂದಿದ್ದರು. "ಷಣ್ಮುಖಪ್ಪನವರ ಮಗನಾ? ಗೊತ್ತೇ ಆಗ್ಲಿಲ್ಲ ನೋಡ್ರಿ ಈ ವೇಷದಾಗೆ" ಎಂದು ಒಬ್ಬರು ಹಿರಿಯರು ವಿನಯನನ್ನು ಮೊದಲ ಎಲೆಗೆ ಕೂರಿಸಿದರು. ರೊಟ್ಟಿ, ಎಣ್ಣೆಗಾಯಿ ಬಡಿಸಿದ ಮೇಲೆ ಮೇಷ್ಟ್ರು, ಯಾಕೆ ಇಷ್ಟು ತಡ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ವಿನಯ ಎದ್ದು ನಿಂತ. ಕೆಂಚೇಶನ ರೊಟ್ಟಿ ಮುರಿದ ಕೈ ಎಲೆಯ ಮೇಲೇ ನಿಂತಿತು.

"ಕಾಲುವೆ ಏರಿ ಮೇಲೆ ನನ್ನ ಟ್ಯೂಬು ಹರಿದೋಯ್ತು" ಎಂದ ವಿನಯ. ಒಮ್ಮೆ ಹಿರಿಯರ ಕಡೆ ನೋಡಿದ, ಒಮ್ಮೆ ಸಂಧ್ಯಾರಾಣಿಯ ಕಡೆ. "ಕೆಂಚೇಶಣ್ಣ ಆ ಉರಿಬಿಸಿಲಲ್ಲಿ ಹೊನ್ನಾಳಿವರೆಗೂ ಒಬ್ರೇ ಹೋಗಿ, ಟ್ಯೂಬು ತಂದು, ವಾಪಸ್ ಬಂದು ಕೊಟ್ರು. ಇಂಥೋರು ಜೊತೆಗಿದ್ರೆ ಕಡಲೇನು, ಎಲ್ಲಿಗೆ ಬೇಕಾದ್ರೂ ಹೋಗಬೌದು." ಹೇಳಿ ಕೂತುಬಿಟ್ಟ.

ಚಪ್ಪಾಳೆ ಬಿತ್ತು. "ದೊಡ್ಡ ಮನಸ್ಸು ಬಿಡ್ರಿ" ಎಂದು ಯಾರೋ ಅಂದರು. ಸಾವಂತ್ರಮ್ಮ ಬಂದು, ತಗೋ ನನ್ನಪ್ಪ ಎಂದು ಅವನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ ತುಪ್ಪ ಸುರಿದಳು. ಕೆಂಚೇಶನ ಮುಖ ತಾನಾಗಿ ನಗತೊಡಗಿತ್ತು. ಅದು ಅವನಿಗೇ ತಡವಾಗಿ ತಿಳಿಯಿತು. ಎಷ್ಟು ಹಗುರವಾಗಿತ್ತು ಈ ಚಪ್ಪಾಳೆ, ಎಷ್ಟು ಸಲೀಸು! ಸುಮ್ಮನೆ ಹೋಳಿಗೆ ತಿಂದರೆ ಸಾಕು; ತಾನು ಒಳ್ಳೆಯವನು, ಅವನೂ ಒಳ್ಳೆಯವನು, ನಾಳೆ ಬೆಳಿಗ್ಗೆ ಎಲ್ಲರೂ ಕಡಲಿಗೆ. ವಿನಯ ಅತ್ತ ಕೂತು ಇವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆ ಇತ್ತು. ಕೊಟ್ಟೆನಲ್ಲ, ಇದನ್ನೇ ಇಟ್ಟುಕೋ ಎಂಬ ಬೇಡಿಕೆ.

"ಅದು ಸುಳ್ಳು" ಎಂದ ಕೆಂಚೇಶ. ಕೂತಲ್ಲಿಂದಲೇ.

ಬಡಿಸುವ ಸೌಟು ನಿಂತಿತು.

"ಟ್ಯೂಬು ಬೆಳಗಿಂದ ನನ್ನ ಚೀಲದಾಗೇ ಇತ್ತು. ಇಲ್ಲ ಅಂತ ಹೇಳಿ ಇವರನ್ನ ಬಿಸಿಲಾಗೆ ಬಿಟ್ಟೆ. ಹೊನ್ನಾಳೀಲಿ ಫ್ಯಾನ್ ಕೆಳಗೆ ಕುಂತು ಮಂಡಕ್ಕಿ ತಿಂದೆ."

"ಅಯ್ಯೋ! ಯಾಕ್ರೀ ಕೆಂಚೇಶ್?" ಎಂದಳು ಸಂಧ್ಯಾರಾಣಿ. ಎಲ್ಲರ ಮುಖ ಅವನ ಕಡೆ ತಿರುಗಿತ್ತು. ಹೊಗಳಿದವರ ಮುಖಗಳು ಒಂದೊಂದಾಗಿ ಮುಚ್ಚಿಕೊಳ್ಳುವುದನ್ನು ಅವನು ನೋಡಿದ. ಆದರೆ ಈ ಸಲ ಅವನು ತಲೆ ತಗ್ಗಿಸಲಿಲ್ಲ.

"ಯಾಕೆ ಅಂತ ಇವರು ಹೇಳ್ತಾರೆ. ಹೇಳ್ತೀನಿ ಅಂತ ಮಾತು ಕೊಟ್ಟಾರೆ."

"ಆಯ್ತು ಬಿಡ್ರಪ್ಪ, ಊಟದ ಹೊತ್ತಿಗೆ ಯಾಕೆ..." ಎಂದು ಮೇಷ್ಟ್ರು ಕೈಯೆತ್ತಿದರು.

"ಊಟದ ಹೊತ್ತೇ ಸರಿ ಮೇಷ್ಟ್ರೇ. ಎಲ್ರೂ ಒಂದೇ ಸಾಲಾಗೆ ಕುಂತೀವಿ."

ಮುಖಗಳು ನಿಧಾನವಾಗಿ ಅವನನ್ನು ಬಿಟ್ಟು ಮೊದಲ ಎಲೆಯ ಕಡೆಗೆ ಹೊರಳಿದವು. ವಿನಯ ತನ್ನ ಎಲೆಯನ್ನೇ ನೋಡುತ್ತಿದ್ದ. ಪಕ್ಕದ ಹಿರಿಯರು, ಏನಪ್ಪಾ ಅದು ಎಂದು ಅವನ ಮೊಣಕೈ ಮುಟ್ಟಿದರು. ಎದ್ದು ನಿಲ್ಲಲು ಹೋಗಿ, ಆಗದೆ, ಕೂತೇ ಶುರು ಮಾಡಿದ. "ಚನ್ನಗಿರೀಲಿ... ನಮ್ಮ ಮನೆ ಎದುರಿಗೆ ನಮ್ದೇ ಇನ್ನೊಂದು ಮನೆ ಐತೆ. ಇವರು ಬಾಡಿಗೆಗೆ ಬಂದಿದ್ರು. ನಮ್ಮಪ್ಪ..." ದನಿ ಪಕ್ಕದ ಎಲೆಗೂ ಮುಟ್ಟುವಂತಿರಲಿಲ್ಲ.

ಕೆಂಚೇಶ ರೊಟ್ಟಿಯ ತುಂಡನ್ನು ಎಣ್ಣೆಗಾಯಿಯಲ್ಲಿ ಒತ್ತಿಕೊಂಡು ಬಾಯಿಗಿಟ್ಟ. ಅಗಿದು, ನುಂಗಿದ.

"ಜೋರಾಗಿ ಹೇಳ್ರಿ ವಿನಯ್" ಎಂದ. "ಆ ಕೊನೇಲಿ ಕುಂತೋರಿಗೆ ಕೇಳಿಸ್ತಿಲ್ಲ."